ಎರಡು ಸುತ್ತು ಕಡಿಮೆ

ಜೂನ್ 3

ಭಾಮೈದನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ಪದ್ಧತಿ. ಬರೆದಾಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ನಾನೊಂದು ಏರ್ ರೈಫಲ್ ಕೊಂಡಿದ್ದೇನೆ. ನಗಬೇಡ. ಹೊಲಿಗೆ ಯಂತ್ರ, ತಕ್ಕಡಿ, ಏರ್‌ಗನ್ ಅಂತ ಹದಿನೆಂಟು ವರ್ಷದಿಂದ ರಿಪೇರಿ ಮಾಡಿಕೊಂಡಿರುವ ಭಾಮೈದನನ್ನು ಒಂದು ಮಾತು ಕೇಳದೆ ಕೊಂಡದ್ದು ನನ್ನ ತಪ್ಪೇ. ಏನು ಮಾಡಲಿ, ಬೀಜದ ಗೋದಾಮಿನಲ್ಲಿ ಇಲಿ ಕಾಟ ಹೇಳತೀರದು. ಉಸ್ತುವಾರಿ ನನ್ನದು, ಚೀಲ ತೂತಾದರೆ ಬೈಸಿಕೊಳ್ಳುವವನೂ ನಾನೇ. ಸ್ಪ್ರಿಂಗಿನ ರೈಫಲ್, ನಳಿಗೆ ಬಗ್ಗಿಸಿ ಎಳೆದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಳ್ಳುತ್ತದಲ್ಲ, ಆ ನಮೂನೆಯದು. ಆದರೆ ದಪ್ಪ ನಳಿಗೆ, ಪಾಯಿಂಟ್ ಇಪ್ಪತ್ತೈದು ಇಂಚಿನದು. ಬೇರೆಯವರ ಸೀಸದ ಪೆಲೆಟ್ ಮೆಣಸಿನ ಕಾಳಿನಷ್ಟಿದ್ದರೆ ನಮ್ಮದು ಬಟಾಣಿಯಷ್ಟು. "ಈ ರೇಟಿಗೆ ಇಷ್ಟು ದಪ್ಪದ್ದು ಎಲ್ಲೂ ಸಿಗಲ್ಲ ಸಾರ್" ಅಂದ ಅಂಗಡಿಯವನು. ಅದೊಂದು ಮಾತು ನಿಜ ಹೇಳಿದ ಅಂತ ಕಾಣುತ್ತದೆ.

ದೂರು ಇಷ್ಟೇ: ಇಪ್ಪತ್ತು ಹೆಜ್ಜೆಗೆ ಪರವಾಗಿಲ್ಲ. ನಲವತ್ತು ಹೆಜ್ಜೆಗೆ ಪೆಲೆಟ್ ಒಂದು ಗೇಣು ಕೆಳಗೆ ಬೀಳುತ್ತದೆ. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿಕೊಡು. ಟ್ರಿಗರ್ ತೀರ ಬಿಗಿ, ಬೆರಳು ತಾಗಿದರೆ ಸಾಕು ಅನ್ನುವಷ್ಟು ಹಗುರ ಆಗಬೇಕು. ಸದ್ದು ಕಡಿಮೆಯಾದರೆ ಒಳ್ಳೆಯದು, ಅಕ್ಕಪಕ್ಕದವರಿಗೆ ಗೊತ್ತಾಗುವುದು ಬೇಡ. ದುರ್ಬೀನು ಕೂರಿಸಲು ಆಗುತ್ತದೆಯೇ ಅದನ್ನೂ ನೋಡು.

ನಿನ್ನಕ್ಕ ಚೆನ್ನಾಗಿದ್ದಾಳೆ. ಬಿಸಿ ಪಾತ್ರೆ ತಾಗಿ ಕೈ ಸುಟ್ಟುಕೊಂಡಿದ್ದಾಳೆ, ಅದಕ್ಕೆ ಈ ಸಲ ಅವಳ ನಾಲ್ಕು ಸಾಲು ಇಲ್ಲ. ಗಾಬರಿಪಡುವಂಥದ್ದೇನಿಲ್ಲ.

ನಿನ್ನ ಭಾವ


ಜೂನ್ 14

ಭಾವನವರಿಗೆ ನಮಸ್ಕಾರ.

ಟೈಪು ಮಾಡಿದ ಕಾಗದ ನೋಡಿ ಕೋರ್ಟಿನ ನೋಟೀಸು ಅಂದುಕೊಳ್ಳಬೇಡಿ. ಪಕ್ಕದ ಟೈಪಿಂಗ್ ಶಾಲೆಯವರು ಒಂದು ಯಂತ್ರ ರಿಪೇರಿಗೆ ಬಿಟ್ಟಿದ್ದಾರೆ, ಅಕ್ಷರ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ನಿಮ್ಮ ಮೇಲೆ ಪರೀಕ್ಷೆ ಮಾಡುತ್ತಿದ್ದೇನೆ.

ಅಗ್ಗದ ರೈಫಲ್ಲಿಗೆ ಗಟ್ಟಿ ಸ್ಪ್ರಿಂಗ್ ಹಾಕುವುದು ಮುದಿ ಎತ್ತಿಗೆ ಚಾಟಿ ಬೀಸಿದ ಹಾಗೆ. ಎಗರುತ್ತದೆ, ಓಡುವುದಿಲ್ಲ. ಮೊದಲು ಗಾಳಿ ಸೋರುತ್ತಿದೆಯೇ ನೋಡಿ. ನಳಿಗೆ ಮಡಚುವ ಸಂದಿನ ಮೇಲೆ ತೆಳು ಕಾಗದದ ಚೂರು ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿನ ವಾಷರ್ ಹೋಗಿದೆ ಎಂದು ಅರ್ಥ. ಅರ್ಧ ಶಕ್ತಿ ಅಲ್ಲೇ ಸೋರಿ ಹೋಗುತ್ತದೆ. ಜನ ಅದನ್ನು ನೋಡದೆ ಸ್ಪ್ರಿಂಗಿಗೆ ಬೈಯುತ್ತಾರೆ. ಒಳಗೆ ಎಣ್ಣೆ ಮಾತ್ರ ಹಾಕಬೇಡಿ. ಬಿಸಿಗೆ ಹೊತ್ತಿಕೊಂಡು ಢಂ ಅನ್ನುತ್ತದೆ, ಹೊಗೆ ಬರುತ್ತದೆ, ಹೊಸಬರು ಅದನ್ನೇ ಪವರ್ ಅಂದುಕೊಂಡು ಕುಣಿಯುತ್ತಾರೆ.

ಇನ್ನೊಂದು. ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಹಿಡಿಯಬಾರದು. ಸ್ಪ್ರಿಂಗ್ ಬಿಟ್ಟಾಗ ಅದು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ನೀವು ಅದುಮಿ ಹಿಡಿದಷ್ಟೂ ಗುರಿ ಅಡ್ಡ ಹೋಗುತ್ತದೆ. ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಅಂಗೈ ಮೇಲೆ ಸುಮ್ಮನೆ ಮಲಗಿಸಿ. ಅದು ಎಗರಿದರೆ ಎಗರಲಿ, ತಡೆಯಬೇಡಿ.

ರೈಫಲ್ ಪಾರ್ಸೆಲ್ ಮಾಡಿ. ಜೊತೆಗೆ ಹೊಡೆದು ಬಿದ್ದ ಪೆಲೆಟ್ ಹತ್ತು ಹೆಕ್ಕಿ ಲಕೋಟೆಯಲ್ಲಿ ಹಾಕಿ. ನಾನು ಯಾವ ಗಿರಾಕಿಯ ಮಾತನ್ನೂ ನಂಬುವುದಿಲ್ಲ, ಪೆಲೆಟ್ ನೋಡುತ್ತೇನೆ. ಎಷ್ಟು ಜೋರಾಗಿ ಹೋಯಿತು, ಯಾವುದಕ್ಕೆ ತಾಗಿತು, ಎಲ್ಲ ಆ ಸೀಸದ ಮೇಲೆ ಬರೆದಿರುತ್ತದೆ.

ಈಗ ನನ್ನ ಎರಡು ಅನುಮಾನ. ನಿಮ್ಮ ಗೋದಾಮನ್ನು ನಾನು ನೋಡಿದ್ದೇನೆ, ಗೋಡೆಯಿಂದ ಗೋಡೆಗೆ ಇಪ್ಪತ್ತೈದು ಹೆಜ್ಜೆ. ನಲವತ್ತು ಹೆಜ್ಜೆ ದೂರದ ಇಲಿ ಎಲ್ಲಿಯದು? ಇಲಿಗೆ ದಪ್ಪ ನಳಿಗೆ ಯಾಕೆ? ಸಣ್ಣದು ಹಾಕಿಕೊಡುತ್ತೇನೆ, ನೇರ ಹೋಗುತ್ತದೆ.

ಅಕ್ಕನ ಕೈಗೆ ಏನು ಹಚ್ಚುತ್ತಿದ್ದೀರಿ? ಎಡಗೈಯಲ್ಲಾದರೂ ಒಂದು ಸಾಲು ಗೀಚಲು ಹೇಳಿ.

ನಿಮ್ಮ ಭಾಮೈದ


ಜೂನ್ 27

ಭಾಮೈದನಿಗೆ,

ರೈಫಲ್ ಕಳಿಸಿದ್ದೇನೆ. ಪೆಲೆಟ್ ಹನ್ನೊಂದು ಇವೆ, ಹತ್ತು ಎಣಿಸಲು ಹೋಗಿ ಒಂದು ಹೆಚ್ಚಾಯಿತು.

ಕಾಗದದ ಚೂರು ಹಾರಿ ನನ್ನ ಮೂಗಿಗೆ ಬಡಿಯಿತು. ಅಂದರೆ ವಾಷರ್ ಹೋಗಿದೆ, ಒಪ್ಪಿದೆ. ಸಡಿಲವಾಗಿ ಹಿಡಿಯುವ ನಿನ್ನ ಉಪಾಯವೂ ಫಲಿಸಿತು. ಹತ್ತಕ್ಕೆ ಎರಡು ಬೀಳುತ್ತಿದ್ದ ಡಬ್ಬಗಳು ಈಗ ಆರು ಬೀಳುತ್ತಿವೆ.

ನಲವತ್ತು ಹೆಜ್ಜೆ ಗೋದಾಮಿನ ಹಿಂದಿನ ಅಂಗಳದ್ದು, ಅದೇ ನಮ್ಮ ಮನೆಗೆ ತಾಗಿದ್ದು. ಇಲಿ ಒಳಗೇ ಕೂತಿರಬೇಕು ಅಂತ ನಿಯಮ ಇದೆಯೇನೋ? ನಳಿಗೆ ಮಾತ್ರ ಬದಲಾಯಿಸಬೇಡ. ದಪ್ಪದ್ದೇ ಇರಲಿ. ಕಾರಣ ಕೇಳಬೇಡ. ಟ್ರಿಗರ್ ಹಗುರ ಮಾಡುವುದನ್ನು ಮರೆಯಬೇಡ, ಉಳಿದದ್ದಕ್ಕಿಂತ ಅದು ಮುಖ್ಯ.

ನಿನ್ನಕ್ಕನ ಕನ್ನಡಕ ಒಡೆದಿದೆ, ಬರೆಯಲು ಆಗುತ್ತಿಲ್ಲ. ಹೊಸದು ಬಂದ ಮೇಲೆ ಬರೆಯುತ್ತಾಳೆ.

ಮೊದಲೆಲ್ಲ ಕೈಯಲ್ಲಿ ಬರೆಯುತ್ತಿದ್ದವನು ಈಗ ಟೈಪು ಮಾಡುತ್ತೀಯ. ಯಾರ ಹತ್ತಿರವಾದರೂ ಹೇಳಿ ಬರೆಸುತ್ತಿದ್ದೀಯೋ ಹೇಗೆ? ಮನೆಯ ವಿಷಯ ಮೂರನೆಯವರ ಕಿವಿಗೆ ಬೀಳುವುದು ನನಗೆ ಸರಿಬರುವುದಿಲ್ಲ.

ನಿನ್ನ ಭಾವ


ಜುಲೈ 16

ಭಾವನವರಿಗೆ,

ಕಾಗದ ನಾನೇ ಟೈಪು ಮಾಡುವುದು. ಮೂರನೆಯವರು ಇಲ್ಲ.

ರೈಫಲ್ ಇದರ ಜೊತೆಗೇ ಹೊರಟಿದೆ. ವಾಷರ್ ಎರಡೂ ಹೊಸದು. ಪಿಸ್ಟನ್ನಿನ ಅಂಚು ಕಾರ್ಖಾನೆಯಲ್ಲೇ ಒರಟಾಗಿ ಬಿಟ್ಟಿದ್ದರು, ಉಜ್ಜಿ ನಯ ಮಾಡಿದ್ದೇನೆ. ಸ್ಪ್ರಿಂಗಿಗೆ ಗಟ್ಟಿ ಗ್ರೀಸ್ ಹಚ್ಚಿದ್ದೇನೆ, ಅದರ ಝಣಝಣ ನಿಲ್ಲುತ್ತದೆ. ದುರ್ಬೀನು ಬೇಡ, ಈ ಜಿಗಿತಕ್ಕೆ ಅಗ್ಗದ ದುರ್ಬೀನು ತಿಂಗಳಲ್ಲಿ ಪುಡಿಯಾಗುತ್ತದೆ. ಟ್ರಿಗರ್ ಸ್ವಲ್ಪ ಮಾತ್ರ ಹಗುರ ಮಾಡಿದ್ದೇನೆ. ಬೆರಳು ತಾಗಿದರೆ ಸಾಕು ಅನ್ನುವಷ್ಟು ಮಾಡಿಲ್ಲ, ಮಾಡುವುದೂ ಇಲ್ಲ.

ಇನ್ನು ಪೆಲೆಟ್ಟಿನ ಮಾತು. ಹನ್ನೊಂದರಲ್ಲಿ ಒಂಬತ್ತು ಚಪ್ಪಟೆ, ತಗಡಿಗೆ ಬಡಿದದ್ದು. ಉಳಿದ ಎರಡರ ಮಡಿಕೆಯಲ್ಲಿ ಉಣ್ಣೆಯ ಎಳೆ ಸಿಕ್ಕಿಕೊಂಡಿದೆ. ಭೂತಗನ್ನಡಿ ಇಟ್ಟು ನೋಡಿದೆ. ನೀಲಿ ಉಣ್ಣೆ, ನಡುವೆ ಒಂದು ಬಿಳಿ ಎಳೆ. ಅಂಥ ಉಣ್ಣೆ ನಾನು ಜೀವಮಾನದಲ್ಲಿ ಒಂದೇ ಕಡೆ ನೋಡಿದ್ದು. ಅಮ್ಮ ಕೊನೆಯದಾಗಿ ಹೆಣೆದ ಸ್ವೆಟರ್, ಅಕ್ಕನದು.

ಸೀಸ ಬಟ್ಟೆಯೊಳಗಿಂದ ಹಾದು ಹೋದರೆ ಹೀಗೆ ಎಳೆ ಹಿಡಿಯುತ್ತದೆ. ನೂರು ಸಲ ನೋಡಿದ್ದೇನೆ.

ಮೊನ್ನೆ ನಿಮ್ಮ ಆಫೀಸಿಗೆ ಫೋನು ಮಾಡಿದ್ದೆ. ನೀವು ಗೋದಾಮಿನಲ್ಲಿದ್ದಿರಿ. ಅಕ್ಕನನ್ನು ಕರೆಯಿರಿ ಅಂದೆ. ಗುಮಾಸ್ತೆ, "ಮೇಡಂ ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತಲ್ಲ, ನಿಮಗೆ ಗೊತ್ತಿಲ್ವಾ?" ಅಂದಳು. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಫೋನಿಟ್ಟೆ. ಬೀಜದ ಚೀಲಗಳ ಮೇಲೆ ತಳಿಯ ಹೆಸರು ಬರೆಯುವ ಕೆಲಸವನ್ನು ಅಕ್ಕ ಹದಿಮೂರು ವರ್ಷ ಮಾಡಿದವಳು. ಮುತ್ತು ಪೋಣಿಸಿದಂಥ ಅಕ್ಷರ ಅಂತ ನೀವೇ ಎಲ್ಲರಿಗೂ ತೋರಿಸುತ್ತಿದ್ದಿರಿ. ಅದನ್ನು ಯಾಕೆ ಬಿಟ್ಟಳು?

ಜೂನ್ ಮೂರಕ್ಕೆ ಕೈ ಸುಟ್ಟಿತ್ತು. ಇಪ್ಪತ್ತೇಳಕ್ಕೆ ಕನ್ನಡಕ ಒಡೆಯಿತು. ಮುಂದಿನ ಕಾಗದಕ್ಕೆ ಏನು?

ಭಾಮೈದ


ಆಗಸ್ಟ್ 2

ಭಾಮೈದನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಹೆಂಡತಿಯ ತಮ್ಮ ನನ್ನನ್ನು ಏನಂದುಕೊಂಡಿದ್ದಾನೆ ಎಂದು ಈಗ ಗೊತ್ತಾಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳ ಮೇಲೆ ಕೈ ಎತ್ತಿದವನಲ್ಲ ನಾನು, ದನಿ ಎತ್ತಿದ್ದೂ ಬೆರಳೆಣಿಕೆಯಷ್ಟು. ಅವಳು ಕೆಲಸ ಬಿಟ್ಟದ್ದು ಅವಳ ಇಷ್ಟ. ಅದನ್ನು ನಿನಗೆ ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಇದಕ್ಕಿಂತ ಹೆಚ್ಚು ನಾನು ಬರೆಯುವ ಹಾಗಿಲ್ಲ.

ಆದರೆ ನಿನ್ನ ಕೆಲಸದ ಬಗ್ಗೆ ಬರೆಯಬಹುದಲ್ಲ. ಮೊದಲು ಈ ರೈಫಲ್ ಇಪ್ಪತ್ತು ಹೆಜ್ಜೆಯಿಂದ ತಗಡಿನ ಡಬ್ಬದ ಎರಡೂ ಮೈ ತೂತು ಮಾಡುತ್ತಿತ್ತು. ಈಗ ಒಂದು ಮೈ ತಗ್ಗಾಗುತ್ತದೆ, ಅಷ್ಟೇ. ಗಾಳಿ ಸೋರುವುದು ನಿಂತಿದೆ, ಕಾಗದ ಅಲ್ಲಾಡುವುದಿಲ್ಲ. ಮತ್ತೆ ಶಕ್ತಿ ಎಲ್ಲಿ ಹೋಯಿತು? ನಳಿಗೆ ಬಗ್ಗಿಸಿದರೆ ಬೆಣ್ಣೆ ಕುಯ್ದ ಹಾಗೆ ಬರುತ್ತದೆ. ಒಳ್ಳೆಯ ಸ್ಪ್ರಿಂಗ್ ಇಟ್ಟುಕೊಂಡು ಯಾರದೋ ಹಳೆಯದನ್ನು ತುರುಕಿದ್ದೀಯ.

ಸ್ಕ್ರೂಗಳ ತಲೆ ನೋಡಿದರೆ ಅಯ್ಯೋ ಅನಿಸುತ್ತದೆ. ನಾಲ್ಕರಲ್ಲಿ ಮೂರು ಕಿತ್ತುಹೋಗಿವೆ, ಸುತ್ತ ಲೋಹದ ಮೇಲೆಲ್ಲ ಗೀರು. ಇದು ನಿನ್ನ ಕೈಕೆಲಸವಲ್ಲ. ಯಾರಿಗೋ ಬಿಚ್ಚಲು ಕೊಟ್ಟು ನೀನು ಅನುಮಾನದ ಕಾಗದ ಟೈಪು ಮಾಡುತ್ತ ಕೂತಿದ್ದೆ ಅಂತ ಕಾಣುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನೀನೇನು ಮುಚ್ಚಿಡುತ್ತಿದ್ದೀಯ ಅಂತ ನಾನೂ ಕೇಳಬಹುದು.

ಭಾವ


ಆಗಸ್ಟ್ 9

ಭಾವನವರಿಗೆ,

ಸ್ಕ್ರೂಡ್ರೈವರ್ ಹಳೆಯದಾಗಿತ್ತು, ಜಾರಿತು. ಅದನ್ನು ಬಿಡಿ.

ಸ್ಪ್ರಿಂಗ್ ನಿಮ್ಮದೇ. ಬದಲಾಯಿಸಿಲ್ಲ. ಎರಡು ಸುತ್ತು ಕತ್ತರಿಸಿ ತೆಗೆದಿದ್ದೇನೆ. ಬೇಕೆಂದೇ. ಹದಿನೆಂಟು ವರ್ಷದಲ್ಲಿ ಗಿರಾಕಿಗೆ ಹೇಳದೆ ಮಾಲು ಕೆಡಿಸಿದ್ದು ಇದೇ ಮೊದಲು. ಕತ್ತರಿಸಿದ ಎರಡು ಸುತ್ತು ನನ್ನ ಮೇಜಿನ ಮೇಲೇ ಇದೆ. ಮಾಡಿದ್ದು ತಪ್ಪು ಅನಿಸುತ್ತಿಲ್ಲ.

ಸದ್ದಾಗಬಾರದು, ಟ್ರಿಗರ್ ಮುಟ್ಟಿದರೆ ಸಾಕು, ನಲವತ್ತು ಹೆಜ್ಜೆಗೆ ಬೀಳಬೇಕು, ದಪ್ಪ ಪೆಲೆಟ್ಟೇ ಬೇಕು, ಕಾರಣ ಕೇಳಬಾರದು. ಅಕ್ಕನ ಸ್ವೆಟರಿನ ಎಳೆ ಸೀಸದಲ್ಲಿ. ಅಕ್ಕನದು ಆರು ತಿಂಗಳಿಂದ ಒಂದಕ್ಷರವಿಲ್ಲ. ನನ್ನ ಜಾಗದಲ್ಲಿ ನೀವಿದ್ದರೆ ಆ ಸ್ಪ್ರಿಂಗನ್ನು ಇಡೀ ಕಳಿಸುತ್ತಿದ್ದಿರಾ?

ನನಗಿರುವುದು ಒಬ್ಬಳೇ ಅಕ್ಕ. ಇಪ್ಪತ್ತೈದನೇ ತಾರೀಖಿನ ಒಳಗೆ ಅವಳ ಕೈಯಲ್ಲೇ ಬರೆದ ಕಾಗದ ಬರಬೇಕು. ಅವಳ ಅಕ್ಷರ ನನಗೆ ಗೊತ್ತು, ಬೇರೆಯವರಿಂದ ಬರೆಸಿದರೆ ಒಂದೇ ಸಾಲಿಗೆ ಹಿಡಿಯುತ್ತೇನೆ. ಬರದಿದ್ದರೆ ನಾನೇ ಬರುತ್ತೇನೆ, ಒಬ್ಬನೇ ಬರುವುದಿಲ್ಲ. ಪೊಲೀಸರ ಜೊತೆ ಮನೆ ಬಾಗಿಲಿಗೆ ಬಂದ ಭಾಮೈದ ಅಂತ ನಾಲ್ಕು ಜನ ಆಡಿಕೊಂಡರೂ ಚಿಂತೆಯಿಲ್ಲ.

ಅವಳ ತಮ್ಮ


ಆಗಸ್ಟ್ 18

ತಮ್ಮಾ,

ಕಾಗೆ ಕಾಲು ಗುಬ್ಬಿ ಕಾಲು ಅಂತ ನಗಬೇಡ. ಇದು ನನ್ನ ಅಕ್ಷರವೇ. ಯಾರೂ ನನ್ನ ಹೆಸರಲ್ಲಿ ಬರೆದಿಲ್ಲ, ಇಷ್ಟು ಕೆಟ್ಟದಾಗಿ ಬರೆಯುವವರು ಹುಡುಕಿದರೂ ಸಿಗುವುದಿಲ್ಲ. ಇದು ಮೂರನೇ ಹಾಳೆ. ನಿನ್ನೆ ಶುರುಮಾಡಿದ್ದು.

ನಿನ್ನ ಭಾವ ಕಾಗದ ಓದಿ ಹೇಳಿ ಮುಗಿಸಿದಾಗ ಅವರ ಮುಖ ನೋಡಲಾಗಲಿಲ್ಲ. "ಇನ್ನು ನಿನ್ನ ಆಣೆ ನೀನೇ ಇಟ್ಕೋ, ನನ್ನ ಕೈಲಾಗಲ್ಲ" ಅಂದರು. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡವಳು ನಾನು. ಸುಟ್ಟ ಕೈ, ಒಡೆದ ಕನ್ನಡಕ ಎಲ್ಲ ಆ ಪಾಪದವರು ಕಟ್ಟಿದ ಕಥೆ. ಸುಳ್ಳು ಹೇಳಲು ಬಾರದವರ ಕೈಯಲ್ಲಿ ಸುಳ್ಳು ಹೇಳಿಸಿದೆ.

ಅಮ್ಮನ ನಡುಕ ನನಗೆ ಬಂದಿದೆ. ಕಳೆದ ಚಳಿಗಾಲದಲ್ಲಿ ಸೂಜಿಗೆ ದಾರ ಹೋಗಲಿಲ್ಲ, ಕಣ್ಣು ಮಂಜಾಯಿತೇನೋ ಅಂದುಕೊಂಡೆ. ಆಮೇಲೆ ನಾನು ಬರೆದ ಹೆಸರು ಓದಲಾಗದೆ ಮೂರು ಲೋಡು ಬೀಜ ತಪ್ಪು ಊರಿಗೆ ಹೋಯಿತು. ಯಾರೂ ಕೆಲಸ ಬಿಡು ಅನ್ನಲಿಲ್ಲ. ನಾನೇ ಕುಂಚ ಇಟ್ಟು ಬಂದೆ. ಡಾಕ್ಟರು ಕೇಳಿದ ಮೊದಲ ಮಾತು, "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ನಿನ್ನ ನೆನಪಾಯಿತು. ನೀನು ಬದುಕುವುದೇ ಕೈಯಿಂದ. ಅಕ್ಕನಿಗೆ ಬಂದಿದೆ ಅಂತ ಗೊತ್ತಾದರೆ ದಿನಾ ಬೆಳಿಗ್ಗೆ ಎದ್ದು ನಿನ್ನ ಕೈ ನೋಡಿಕೊಳ್ಳುತ್ತೀಯ. ಅದು ಬೇಡವಾಗಿತ್ತು. ಒಂದೇ ಒಂದು ಸಾಲು ಬರೆದರೂ ಅಕ್ಷರ ಹೇಳಿಬಿಡುತ್ತಿತ್ತು.

ರೈಫಲ್ ಇಲಿಗೆ ಅಂತಲೇ ತಂದದ್ದು. ಒಂದು ಇಲಿಯೂ ಸತ್ತಿಲ್ಲ, ಅವು ಇವರ ಎದುರೇ ಓಡಾಡುತ್ತವೆ. ಒಂದು ದಿನ ಸುಮ್ಮನೆ ನಾನು ಎತ್ತಿಕೊಂಡೆ. ಸಣ್ಣ ಪೆಲೆಟ್ ಆಗಿದ್ದರೆ ಅಲ್ಲೇ ಮುಗಿಯುತ್ತಿತ್ತು, ನನ್ನ ಬೆರಳಿಗೆ ಅದು ಸಿಗುವುದೇ ಇಲ್ಲ. ಬಟಾಣಿಯಷ್ಟಿದ್ದದ್ದಕ್ಕೆ ಹಿಡಿದು ನಳಿಗೆಗೆ ಹಾಕಲಾಯಿತು. ಟ್ರಿಗರ್ ಎಳೆಯುವಾಗಲೇ ನಡುಕ ಜಾಸ್ತಿ, ಅದಕ್ಕೇ ಹಗುರ ಮಾಡು ಅಂದದ್ದು. ಹಿಂದಿನ ಅಂಗಳದ ಗೋಡೆ ಮೇಲೆ ಡಬ್ಬ ಜೋಡಿಸಿ ಹೊಡೆಯುತ್ತೇನೆ. ನಲವತ್ತು ಹೆಜ್ಜೆ. ಸದ್ದಾದರೆ ಪಕ್ಕದವರು ಇಣುಕುತ್ತಾರೆ, ನನ್ನ ಕೈ ನೋಡುತ್ತಾರೆ.

ಎಂಟು ತಿಂಗಳಿಂದ ಎಲ್ಲರೂ ನನಗೆ ಗಟ್ಟಿಯಾಗಿ ಹಿಡಿ, ಗಟ್ಟಿಯಾಗಿ ಹಿಡಿ ಅಂತಲೇ ಹೇಳಿದ್ದು. ಬಿಗಿಯಾಗಿ ಹಿಡಿಯಬಾರದು, ಎಗರಿದರೆ ಎಗರಲಿ ಅಂತ ಹೇಳಿದವನು ನೀನೊಬ್ಬನೇ, ಅದೂ ನನಗೆ ಅಂತ ಗೊತ್ತಿಲ್ಲದೆ. ಮರಳಿನ ಚೀಲದ ಮೇಲೆ ಮಲಗಿಸಿ ಅಂಗೈ ಸಡಿಲ ಬಿಟ್ಟೆ. ಒಂದರ ಹಿಂದೆ ಒಂದು ಡಬ್ಬ ಬಿದ್ದಾಗ ಅಳು ಬಂತು.

ಉಣ್ಣೆಯ ಎಳೆಗೆ ಬೆಟ್ಟ ಅಗೆದು ಇಲಿ ಹಿಡಿದೆಯಲ್ಲೋ. ಅಮ್ಮನ ಸ್ವೆಟರ್ ನನ್ನ ಮೈ ಮೇಲೇ ಇದೆ. ಬಿದ್ದ ಪೆಲೆಟ್ ಹೆಕ್ಕಿ ಅದರ ಜೇಬಿಗೆ ಹಾಕಿಕೊಳ್ಳುತ್ತೇನೆ, ಅಲ್ಲಿಂದಲೇ ತೆಗೆದು ನಿನಗೆ ಕಳಿಸಿದ್ದು.

ಇನ್ನು ನೀನು ಕದ್ದು ಕತ್ತರಿಸಿದ ಎರಡು ಸುತ್ತು. ಮೊದಲು ನಳಿಗೆ ಇವರೇ ಬಗ್ಗಿಸಿ ಕೊಡಬೇಕಿತ್ತು, ಪ್ರತಿ ಸಲ ಕರೆಯಬೇಕಿತ್ತು. ಈಗ ನಾನೇ ಬಗ್ಗಿಸುತ್ತೇನೆ. ಇವರು ನಿನಗೆ ಬೈಯುತ್ತ ಕೂತಿರುತ್ತಾರೆ, ನಾನು ಅಂಗಳದಲ್ಲಿ ಒಬ್ಬಳೇ ಹೊಡೆಯುತ್ತಿರುತ್ತೇನೆ. ಡಬ್ಬ ಇಪ್ಪತ್ತು ಹೆಜ್ಜೆಗೆ ತಂದುಕೊಂಡಿದ್ದೇನೆ, ದಯವಿಟ್ಟು ವಾಪಸ್ ಹಾಕಬೇಡ.

ಈಗ ನಾನು ಕೇಳುತ್ತೇನೆ, ನೀನು ಹೇಳು. ಒಂದು ಟೈಪು ಯಂತ್ರ ಎರಡು ತಿಂಗಳಾದರೂ ನಿನ್ನ ಕೈಯಲ್ಲಿ ರಿಪೇರಿ ಆಗಲಿಲ್ಲವೇ? ಆ ಸ್ಕ್ರೂಗಳ ಗೀರನ್ನು ನಿನ್ನ ಭಾವ ಬೇರೆ ಯಾರದೋ ಕೆಲಸ ಅಂದರು. ನಾನು ಬೆರಳಿಟ್ಟು ನೋಡಿದೆ. ಗುರಿ ಇಟ್ಟು, ಜಾರಿ, ಮತ್ತೆ ಇಟ್ಟು, ಮತ್ತೆ ಜಾರಿದ ಗೀರು. ಹಠ ಮಾಡಿ ಬಿಚ್ಚಿದ್ದೀಯ. ಹೊಸ ಸ್ಕ್ರೂಡ್ರೈವರ್ ಇಲ್ಲದಷ್ಟು ಗತಿಗೆಟ್ಟ ಅಂಗಡಿ ನಿನ್ನದಲ್ಲ.

ಅಮ್ಮ ಕೊನೆಯ ಎರಡು ವರ್ಷ ಯಾರ ಮನೆಗೆ ಹೋದರೂ ಚಹಾ ಬೇಡ ಅನ್ನುತ್ತಿದ್ದಳು, ನೆನಪಿದೆಯಾ? "ಈಗ ತಾನೇ ಕುಡಿದು ಬಂದೆ" ಅಂತಿದ್ದಳು. ನಾವೂ ನಂಬಿದೆವು. ಎಷ್ಟು ಮನೆಯಿಂದ ಬಾಯಾರಿಕೊಂಡೇ ಎದ್ದು ಬಂದಳೋ.

ನಿನ್ನ ಕೈ ಹೇಗಿದೆ? ನನ್ನ ಹಾಗೆ ಸುಳ್ಳು ಹೇಳಬೇಡ.

ಅಕ್ಕ


ಆಗಸ್ಟ್ 24

ಅಕ್ಕಾ,

ಟೈಪು ಯಂತ್ರ ಯಾರದೂ ಅಲ್ಲ. ನಾನೇ ಕೊಂಡದ್ದು.

ಬಲಗೈ. ಒಂದೂವರೆ ವರ್ಷವಾಯಿತು. ಮಣಿಕಟ್ಟಿಗೆ ಬೆಲ್ಟು ಕಟ್ಟಿ ಮೇಜಿಗೆ ಬಿಗಿದುಕೊಂಡು ಕೆಲಸ ಮಾಡುತ್ತೇನೆ, ಅಂಗಡಿಗೆ ಯಾರಾದರೂ ಬಂದರೆ ಬಿಚ್ಚಿ ಮುಚ್ಚಿಡುತ್ತೇನೆ. ಸಣ್ಣ ಕೆಲಸ ಬಂದರೆ ಸಾಮಾನು ಸಿಗುವುದಿಲ್ಲ ಅಂತ ವಾಪಸ್ ಕಳಿಸುತ್ತೇನೆ. ಡಾಕ್ಟರ ಹತ್ತಿರ ಹೋಗಿಲ್ಲ. ಹೋದರೆ ಹೆಸರಿಟ್ಟುಬಿಡುತ್ತಾರೆ ಅಂತ ಭಯ. ಇಷ್ಟು ಬರೆಯಲು ಮಧ್ಯಾಹ್ನದಿಂದ ಕೂತಿದ್ದೇನೆ.

ಅಕ್ಕ ಬರೆಯುತ್ತಿಲ್ಲ ಅಂದಾಗ ನನಗೆ ಆ ಯೋಚನೆ ಬರಲಿಲ್ಲ ಅಂದುಕೊಂಡೆಯಾ? ಮೊದಲ ಕಾಗದಕ್ಕೇ ಬಂತು. ನಿನಗೂ ಬಂದಿದೆ ಅಂದುಕೊಳ್ಳುವುದಕ್ಕಿಂತ ಭಾವ ಕೆಟ್ಟವರು ಅಂದುಕೊಳ್ಳುವುದು ಸುಲಭವಾಗಿತ್ತು. ಅಷ್ಟು ಒಳ್ಳೆಯ ಮನುಷ್ಯನನ್ನು ಕೊಲೆಗಾರನನ್ನಾಗಿ ಮಾಡಿ ಎರಡು ತಿಂಗಳು ಸಮಾಧಾನದಿಂದ ಇದ್ದೆ. ಅವರ ಮುಂದೆ ಹೇಗೆ ನಿಲ್ಲಲಿ ಗೊತ್ತಾಗುತ್ತಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ, ಬೈಯದಿದ್ದರೆ ಕಷ್ಟ.

ಗುರುವಾರ ಬರುತ್ತೇನೆ. ಒಬ್ಬನೇ. ಆ ಟ್ರಿಗರನ್ನು ನೀನು ಕೇಳಿದಷ್ಟು ಹಗುರ ಮಾಡಿಕೊಡುತ್ತೇನೆ. ಸ್ಕ್ರೂ ಇಬ್ಬರೂ ಸೇರಿ ಬಿಚ್ಚೋಣ. ನಿನ್ನ ಡಾಕ್ಟರ ಹತ್ತಿರ ನನ್ನ ಹೆಸರನ್ನೂ ಬರೆಸಿಡು.

ಬಂದ ಕೂಡಲೇ ಚಹಾ ಕೊಡು. ಭಾವನೂ ಎದುರಿಗೇ ಕೂತಿರಲಿ. ಲೋಟ ಅರ್ಧ ತುಂಬು ಸಾಕು, ಚೆಲ್ಲಿದರೂ ಕುಡಿಯುತ್ತೇನೆ.

ನಿನ್ನ ತಮ್ಮ